ಬ್ರಿಕ್ ಲೇನಿನಲ್ಲಿ ಒಂದು ಪಂಕ್ತಿ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಸೇತುವೆ, ಅರಮನೆ, ವಸ್ತುಸಂಗ್ರಹಾಲಯಗಳ ವರ್ಣನೆಯನ್ನು ಬರೆಯುವುದು ವಾಡಿಕೆ. ಕಳೆದ ಬೇಸಿಗೆಯಲ್ಲಿ ಮೂರು ವಾರ ಲಂಡನ್ ನಗರದಲ್ಲಿದ್ದು ನಾನೂ ಅವುಗಳನ್ನೆಲ್ಲ ಕಂಡುಬಂದೆ. ವಾಚಕರು ಅವುಗಳ ಚಿತ್ರಗಳನ್ನು ಸಾಕಷ್ಟು ನೋಡಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಸಂಜೆ ಎರಡು ಗಂಟೆಗಳ ಕಾಲ ಕುಳಿತು ಉಂಡ ಒಂದು ಊಟದ ಮನೆಯ ವಿಷಯ. ಊರಿಗೆ ಮರಳಿ ಇಷ್ಟು ತಿಂಗಳಾದರೂ ಮನಸ್ಸು ಆ ಮೇಜಿನ ಬಳಿಗೇ ಹೋಗಿ ನಿಲ್ಲುತ್ತಿದೆ.

ನನ್ನ ಅಕ್ಕನ ಮಗಳು ಅಲ್ಲಿ ವೈದ್ಯಳಾಗಿದ್ದಾಳೆ. ಹೋದ ಮರುದಿನವೇ ಅವಳು ನನ್ನನ್ನು ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿರುವ ಬಸವಣ್ಣನವರ ಪ್ರತಿಮೆಯ ದರ್ಶನಕ್ಕೆ ಕರೆದೊಯ್ದಳು. ಕಲಬುರ್ಗಿಯ ಮೂಲದವರಾದ, ಲ್ಯಾಂಬೆತ್ತಿನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ನದಿಯ ಗಾಳಿ, ಎದುರು ದಂಡೆಯ ಕಟ್ಟಡಗಳು, ನಡುವೆ ನಮ್ಮ ಕಲ್ಯಾಣದ ಅಣ್ಣ. ನಾನು ಶರಣು ಮಾಡಿ ಬಹಳ ಹೊತ್ತು ನಿಂತಿದ್ದೆ. ಓಡುತ್ತ ಹೋಗುತ್ತಿದ್ದ ಒಬ್ಬ ಬಿಳಿಯ ತರುಣ ನಿಂತು ಪೀಠದ ಮೇಲಿನ ಬರಹವನ್ನು ಓದಿ ಮತ್ತೆ ಓಡಿಹೋದ. ಅಷ್ಟಾದರೂ ಆಯಿತಲ್ಲ ಎಂದು ಸಂತೋಷವಾಯಿತು.

ಎರಡನೆಯ ಬಾರಿ ಅಲ್ಲಿಗೆ ಹೋದದ್ದು ಅವಳ ಮಗಳ ಹುಟ್ಟಿದ ದಿನದಂದು. ಮಗುವಿಗೆ ಒಂಬತ್ತು ತುಂಬಿತ್ತು. ಪ್ರತಿಮೆಗೆ ಹೂವಿಟ್ಟು ಮರಳುವಾಗ ಆ ಹುಡುಗಿ ತನ್ನ ತಾಯಿಯ ಕಿವಿಯಲ್ಲಿ ಏನನ್ನೋ ಹೇಳಿದಳು. ತಾಯಿ ಸಂಕೋಚದಿಂದ ನನ್ನ ಮುಖ ನೋಡಿದಳು.

"ಮಾವಾ, ಬ್ರಿಕ್ ಲೇನ್‌ನಾಗ ಒಂದ ಇಂಡಿಯನ್ ಹೋಟೆಲ್ ಐತ್ರಿ. ಆನಿ, ನವಿಲು, ದೀಪದ ಸರ, ಹಾಡು ಎಲ್ಲಾ ಇರ್ತಾವು. ಕೂಸಿಗೆ ಅಲ್ಲೇ ಹೋಗಬೇಕಂತ. ನೀವು ಹೊರಗ ಉಣ್ಣೂದಿಲ್ಲ, ನನಗ ಗೊತ್ತೈತಿ. ನೀವು ಬರೇ ಹಣ್ಣು ತಗೊಂಡ್ರೂ ನಡೀತೈತ್ರಿ."

ನಾನು ಬಾಲ್ಯದಲ್ಲಿಯೇ ಶ್ರೀಮಠವನ್ನು ಸೇರಿದವನು. ಪೂಜ್ಯ ಗುರುಗಳ ಸನ್ನಿಧಿಯಲ್ಲಿ ಹನ್ನೆರಡು ವರ್ಷ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಓದಿದೆ. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡೆ. ಗಂಗಾಳದಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡ ಮೇಲೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಲಿಂಗಕ್ಕೆ ಅರ್ಪಿತವಾದದ್ದು ಪ್ರಸಾದ, ಅದನ್ನು ಚೆಲ್ಲುವ ಅಧಿಕಾರ ನಮಗಿಲ್ಲ. ಇದರೊಂದಿಗೆ ಇನ್ನೊಂದು ನೇಮವೂ ನಮ್ಮ ರಕ್ತದಲ್ಲಿ ಸೇರಿಕೊಂಡಿತ್ತು. ಅದು ಭವಿಪಾಕವನ್ನು ಮುಟ್ಟದಿರುವುದು, ಎಂದರೆ ಲಿಂಗಧಾರಿಯಲ್ಲದವರು ಮಾಡಿದ ಅಡುಗೆಯನ್ನು ಲಿಂಗಕ್ಕೆ ಅರ್ಪಿಸದಿರುವುದು. ಪ್ರಯಾಣದಲ್ಲಿ ನಾನು ಅವಲಕ್ಕಿ, ಹಣ್ಣು, ಶೇಂಗಾ ಹಿಂಡಿ, ಕಟಕ ರೊಟ್ಟಿಗಳನ್ನು ಕಟ್ಟಿಕೊಂಡೇ ಹೊರಡುವವನು. ಹುಬ್ಬಳ್ಳಿಗೋ ವಿಜಯಪುರಕ್ಕೋ ಹೋದರೆ ಲಿಂಗಾಯತ ಖಾನಾವಳಿಗಳಿವೆ, ಅಲ್ಲಿ ಚಿಂತೆಯಿಲ್ಲ. ಗೋಡೆಯ ಮೇಲೆ ಬಸವಣ್ಣನವರ ಚಿತ್ರ, ಪಕ್ಕದಲ್ಲಿ ಸಿದ್ಧಾರೂಢರದು, ಕೆಳಗೆ ಊದುಬತ್ತಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಮೇಲೊಂದು ಬೆಣ್ಣೆಯ ಮುದ್ದೆ. ಅದನ್ನು ಹೋಟೆಲು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅಂದು ಮಗುವಿನ ಮುಖ ನೋಡಿ 'ಆಗಲಿ' ಎಂದೆ. ಹಣ್ಣು ತಿಂದರಾಯಿತು ಎಂಬುದೇ ನನ್ನ ಎಣಿಕೆಯಾಗಿತ್ತು.

ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ನೆಲದಡಿಯ ರೈಲನ್ನು ಹಿಡಿದು ಆಲ್ಡ್‌ಗೇಟ್ ಈಸ್ಟ್ ಎಂಬಲ್ಲಿ ಇಳಿದೆವು. ಮೇಲೆ ಬಂದೊಡನೆ ಒಂದು ಸಣ್ಣ ಉದ್ಯಾನ. ಅದಕ್ಕೆ ಆಲ್ತಾಬ್ ಅಲಿ ಎಂಬ ಬಾಂಗ್ಲಾದೇಶದ ತರುಣನ ಹೆಸರನ್ನಿಟ್ಟಿದ್ದಾರೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಆತನನ್ನು 1978ರ ಮೇ 4ರ ಸಂಜೆ, ಕೆಲಸ ಮುಗಿಸಿ ಮನೆಗೆ ಹೋಗುವಾಗ, ಬಣ್ಣದ ದ್ವೇಷದಿಂದ ಇರಿದು ಕೊಂದರು. 1998ರಲ್ಲಿ ಉದ್ಯಾನಕ್ಕೆ ಆತನ ಹೆಸರು ಬಂತು. ಅಲ್ಲಿಯೇ ಒಂದು ಶಹೀದ್ ಮಿನಾರ್ ಇದೆ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ಸ್ಮಾರಕದ ಪ್ರತಿರೂಪ ಅದು. ತಾಯ್ನುಡಿಗಾಗಿ ಸತ್ತವರ ನೆನಪನ್ನು ಸುಮಾರು ಐದು ಸಾವಿರ ಮೈಲು ದೂರದವರೆಗೆ ಹೊತ್ತುತಂದ ಜನ ಎಂದು ಗೌರವವೆನಿಸಿತು. ನಮ್ಮವರು ಮನೆಯ ಮಕ್ಕಳೊಡನೆ ಕನ್ನಡ ಮಾತನಾಡಲೂ ಬೇಸರಪಡುತ್ತಾರೆ. ಇರಲಿ, ಅದು ಬೇರೆ ಲೇಖನದ ವಿಷಯ.

ಬ್ರಿಕ್ ಲೇನ್ ಎಂದರೆ ಇಟ್ಟಿಗೆಯ ಓಣಿ. ಹಿಂದೆ ಇಲ್ಲಿ ಇಟ್ಟಿಗೆ, ಹೆಂಚುಗಳನ್ನು ಸುಡುತ್ತಿದ್ದರು. ಇಕ್ಕಟ್ಟಾದ ಬೀದಿ; ಬೀದಿಯ ಹೆಸರಿನ ಫಲಕಗಳು ಇಂಗ್ಲಿಷ್ ಮತ್ತು ಬಂಗಾಳಿಗಳೆರಡರಲ್ಲಿಯೂ ಇವೆ. ಈ ಓಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಇಟ್ಟಿಗೆಯ ಕಟ್ಟಡ. ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಪೀಡಿತರಾಗಿ ಓಡಿಬಂದ ಹ್ಯೂಗೆನೋ ಎಂಬ ಪ್ರಾಟೆಸ್ಟಂಟ್ ಪಂಥದವರು 1743ರಲ್ಲಿ ಅದನ್ನು ತಮ್ಮ ಪ್ರಾರ್ಥನಾಮಂದಿರವಾಗಿ ಕಟ್ಟಿದರು. ಮುಂದೆ ಅದು ಮೆಥಾಡಿಸ್ಟರ ಚರ್ಚು. 1898ರಲ್ಲಿ ಯಹೂದ್ಯರ ಪ್ರಾರ್ಥನಾಲಯ. 1976ರಿಂದ ಮಸೀದಿ. ಗೋಡೆಯ ಮೇಲೆ ಮೊದಲಿನವರು ಇಟ್ಟ ನೆರಳುಗಡಿಯಾರ ಇನ್ನೂ ಹಾಗೆಯೇ ಇದೆ. ಬಂದವರಾರೂ ಅದನ್ನು ಕಿತ್ತೊಗೆಯಲಿಲ್ಲ. ಆ ಹ್ಯೂಗೆನೋಗಳಲ್ಲಿ ಬಹುಮಂದಿ ರೇಷ್ಮೆಯ ನೇಕಾರರು. ಮಗ್ಗಕ್ಕೆ ಬೆಳಕು ಬೇಕೆಂದು ಅಟ್ಟದಲ್ಲಿ ಅಗಲವಾದ ಕಿಟಕಿಗಳನ್ನಿಟ್ಟು ಅವರು ಕಟ್ಟಿಕೊಂಡ ಮನೆಗಳು ಸುತ್ತಲಿನ ಬೀದಿಗಳಲ್ಲಿ ಇಂದಿಗೂ ಇವೆ. ಮಗ್ಗದ ಮುಂದೆಯೇ ಅನುಭಾವವನ್ನು ಕಂಡ ಜೇಡರ ದಾಸಿಮಯ್ಯನವರೂ ಗುಳೇದಗುಡ್ಡದ ಖಣದ ನೇಕಾರರೂ ನೆನಪಾದರು. ಮಗು ಕೈ ಎಳೆಯುತ್ತಿತ್ತು, ಹೊರಟೆವು.

ಪ್ರತಿಯೊಂದು ಊಟದ ಮನೆಯ ಮುಂದೆ ಒಬ್ಬೊಬ್ಬರು ನಿಂತು "ಬನ್ನಿ, ರಿಯಾಯಿತಿ ಇದೆ" ಎಂದು ದಾರಿಹೋಕರನ್ನು ಕರೆಯುತ್ತಿದ್ದರು. ಜಾತ್ರೆಯಲ್ಲಿ ಬಳೆಗಾರರು, ಬೆಂಡುಬತ್ತಾಸಿನವರು ಕರೆದಂತೆಯೇ. ನಮ್ಮ ಮಗುವಿನ ಹೋಟೆಲು ಬೀದಿಯ ನಡುಮಧ್ಯದಲ್ಲಿತ್ತು. ಬಾಗಿಲಿಗೆ ಚೆಂಡುಹೂವಿನ ಮಾಲೆ, ಆದರೆ ಪ್ಲಾಸ್ಟಿಕ್ಕಿನವು. ಒಳಗೆ ಒಂದು ಗೋಡೆ ಕುಂಕುಮದ ಬಣ್ಣ, ಇನ್ನೊಂದು ನವಿಲಿನ ನೀಲಿ, ಮೂರನೆಯದು ಅರಿಷಿಣ. ಛಾವಣಿಯಿಂದ ರಾಜಸ್ಥಾನದ ಕನ್ನಡಿ ಕೆಲಸದ ಕೊಡೆಗಳು ತಲೆಕೆಳಗಾಗಿ ತೂಗುತ್ತಿದ್ದವು. ಅಂಬಾರಿ ಹೊತ್ತ ಆನೆ, ಮೀಸೆಯ ಮಹಾರಾಜ, ಸಿತಾರ ಹಿಡಿದ ಸುಂದರಿ, ತಾಜಮಹಲು. ಎಲ್ಲದರ ಸುತ್ತ ಮಿಣಮಿಣ ದೀಪಗಳ ಸರ. ಹಿಂದಿ ಚಿತ್ರದ ಹಾಡು, ಹಾಡಿನ ಮೇಲೆ ಜನರ ಮಾತು, ಮಾತಿನ ಮೇಲೆ ತಟ್ಟೆಗಳ ಸದ್ದು. ಒಂದು ಮೂಲೆಯಲ್ಲಿ ಇಪ್ಪತ್ತು ಮಂದಿ ಬಿಳಿಯ ಯುವಕರು ಯಾರದೋ ಮದುವೆಯ ಮುಂಚಿನ ಸಂತೋಷಕೂಟವೆಂದು ನಗುತ್ತಿದ್ದರು.

ಈ ಗೋಡೆಗಳ ಮೇಲಿದ್ದ ಭಾರತದಲ್ಲಿ ನಾನು ಅರವತ್ತು ವರ್ಷಗಳಲ್ಲಿ ಒಂದು ದಿನವೂ ವಾಸಿಸಿದವನಲ್ಲ. ನಾನು ಕಂಡ ಆನೆಗಳೆಂದರೆ ಮಠದ ಆನೆ ಮತ್ತು ಮೈಸೂರಿನವು. ಮಹಾರಾಜರನ್ನಂತೂ ಕಂಡೇ ಇಲ್ಲ. ಮೊದಲು ನಗು ಬಂತು, ಬಳಿಕ ತುಸು ಅಸಮಾಧಾನವೂ ಆಯಿತು. ಆದರೆ ಮಗು ತೂಗುವ ಕೊಡೆಗಳನ್ನು ಎಣಿಸುತ್ತ ಕುಣಿಯುತ್ತಿತ್ತು. ಪರದೇಶದಲ್ಲಿ ಹುಟ್ಟಿದ ಕೂಸಿಗೆ ಅಜ್ಜನ ನಾಡು ಬಣ್ಣದ್ದೆಂದಾದರೂ ತಿಳಿಯಲಿ ಎಂದು ಸುಮ್ಮನಾದೆ.

ವಾಚಕರಿಗೆ ಒಂದು ಸಂಗತಿಯನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ 'ಇಂಡಿಯನ್' ಎಂದು ಫಲಕ ಹಾಕಿದ ಹೋಟೆಲುಗಳಲ್ಲಿ ಬಹುಪಾಲನ್ನು ನಡೆಸಿಕೊಂಡು ಬಂದವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತದವರು. ಮೊಟ್ಟಮೊದಲನೆಯದು ಅವರದಲ್ಲ, ಅದನ್ನು 1810ರಲ್ಲಿ ತೆರೆದವನು ಪಾಟ್ನಾದ ಕಡೆಯ ದೀನ್ ಮಹಮ್ಮದ್ ಎಂಬಾತ. 'ಹಿಂದೂಸ್ತಾನಿ ಕಾಫಿ ಹೌಸ್' ಎಂದು ಹೆಸರಿಟ್ಟು ಹುಕ್ಕಾ, ಬಿದಿರಿನ ಕುರ್ಚಿಗಳನ್ನು ಇರಿಸಿದ್ದನಂತೆ. ಎರಡೇ ವರ್ಷಕ್ಕೆ ದಿವಾಳಿಯಾದ. ಸಿಲ್ಹೆಟ್ಟಿನವರು ಬಂದ ದಾರಿ ಬೇರೆ. ಅವರು ಕಂಪನಿಯ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುವ ಕೂಲಿಗಳಾಗಿ ಬಂದರು. ಕೆಲವರು ಲಂಡನ್ನಿನ ಬಂದರಿನಲ್ಲಿ ಇಳಿದು ಉಳಿದರು, ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಎರಡನೆಯ ಮಹಾಯುದ್ಧದ ತರುವಾಯ ಹಾಳುಬಿದ್ದ ಸಣ್ಣ ಉಪಾಹಾರಗೃಹಗಳನ್ನು ಕೊಂಡು ನಡೆಸತೊಡಗಿದರು. ಸಿಲ್ಹೆಟ್ 1947ರ ಜನಮತಗಣನೆಯವರೆಗೆ ಅಸ್ಸಾಮಿಗೆ ಸೇರಿತ್ತು, ಬಳಿಕ ಪೂರ್ವ ಪಾಕಿಸ್ತಾನ, 1971ರಿಂದ ಬಾಂಗ್ಲಾದೇಶ. ಹೀಗೆ ಊರು ಕದಲದೆಯೇ ಅವರ ದೇಶ ಎರಡು ಸಲ ಬದಲಾಯಿತು. ಆದರೂ ಹೋಟೆಲಿನ ಫಲಕದ ಮೇಲೆ ಉಳಿದದ್ದು 'ಇಂಡಿಯನ್' ಎಂಬ ಹೆಸರೇ.

ಬಡಿಸಲು ಬಂದವರು ಬಿಳಿಯ ಗಡ್ಡದ ವೃದ್ಧರು, ಹೆಚ್ಚು ಕಡಿಮೆ ನನ್ನದೇ ಪ್ರಾಯ. ಹಣೆಯ ವಿಭೂತಿಯನ್ನು ನೋಡಿ ಕೈ ಮುಗಿದು ಹಿಂದಿಯಲ್ಲಿ ಮಾತನಾಡಿಸಿದರು. ನನ್ನ ಅಕ್ಕನ ಮಗಳು ನಾವು ಸಸ್ಯಾಹಾರಿಗಳೆಂದು ತಿಳಿಸಿದಳು. ಮೊದಲು ಮೇಜಿಗೆ ಬಂದದ್ದು ಹಪ್ಪಳ! ನಾವು ಊಟದ ನಡುವೆ ನಂಚಿಕೊಳ್ಳುವ ಹಪ್ಪಳವನ್ನು ಅಲ್ಲಿ ಆರಂಭದಲ್ಲಿಯೇ ಮಾವಿನ ಸಿಹಿ ಚಟ್ನಿ, ಹೆಚ್ಚಿದ ಉಳ್ಳಾಗಡ್ಡಿ, ಪುದೀನದ ಮೊಸರು, ಲಿಂಬೆಯ ಉಪ್ಪಿನಕಾಯಿಗಳ ಒಂದು ತಟ್ಟೆಯೊಡನೆ ಇಡುತ್ತಾರೆ. ಅದಿಲ್ಲದೆ ಅಲ್ಲಿಯವರಿಗೆ ಊಟ ಸುರುವಾಗುವುದಿಲ್ಲವಂತೆ.

ಮಗು ಪಕೋಡ ಮತ್ತು ನಾನ್ ಕೇಳಿತು. ಆಗ ಆ ವೃದ್ಧರು ಬರೆದುಕೊಳ್ಳುತ್ತಿದ್ದ ಪೆನ್ನನ್ನು ತಡೆದು ನನ್ನ ಕಡೆಗೆ ಬಾಗಿದರು. "ಪಂಡಿತಜೀ, ನಿಜ ಹೇಳಿಬಿಡುತ್ತೇನೆ. ಪಕೋಡ ಬೇಡ, ಆ ಎಣ್ಣೆಯಲ್ಲಿ ಮಾಂಸವನ್ನೂ ಕರಿಯುತ್ತೇವೆ. ನಾನ್ ಹಿಟ್ಟಿಗೆ ನಮ್ಮಲ್ಲಿ ತತ್ತಿ ಹಾಕುತ್ತಾರೆ. ಬೇಳೆಯ ಪಾತ್ರೆ ಬೇರೆ, ತರಕಾರಿಯದು ಬೇರೆ, ಆದರೆ ಒಲೆ ಒಂದೇ. ನಿಮಗೆ ಆಗುವುದಾದರೆ ನಾನೇ ಒಳಗೆ ನಿಂತು ಹೊಸ ಪಾತ್ರೆಯಲ್ಲಿ ದಾಲ್, ಆಲೂಗೋಬಿ, ಅನ್ನ ಮಾಡಿಸುತ್ತೇನೆ. ರೊಟ್ಟಿಗೆ ಬರಿ ಗೋಧಿಹಿಟ್ಟು, ನೀರು. ಆಗದಿದ್ದರೆ ಹಣ್ಣು ಹೆಚ್ಚಿ ತರುತ್ತೇನೆ. ಸುಳ್ಳು ಹೇಳಿ ಉಣ್ಣಿಸಿದರೆ ನನಗೆ ನಿದ್ದೆ ಬಾರದು."

ವ್ಯಾಪಾರಿಯೊಬ್ಬ ತನ್ನ ಸರಕಿನ ವಿಷಯದಲ್ಲಿ ಹೀಗೆ ನುಡಿದುದನ್ನು ನಾನು ಕೇಳಿದವನಲ್ಲ. ಹಣ್ಣು ಸಾಕು ಎನ್ನಲು ಬಾಯಿ ತೆರೆದಿದ್ದೆ. ಆ ಕಡೆಯ ಮಾತು ಎದೆಗೆ ಬಂದು ತಾಕಿತು. ಏಕೆಂದರೆ ಉಣ್ಣುವ ವಿಷಯದಲ್ಲಿ ನಾನೊಂದು ಸುಳ್ಳು ಹೇಳಿದ್ದುಂಟು. ಅದನ್ನು ಇದುವರೆಗೆ ಯಾರಲ್ಲಿಯೂ ಆಡಿಲ್ಲ.

ಮೂವತ್ತೈದು ವರ್ಷಗಳ ಹಿಂದಿನ ಮಾತು. ಶ್ರಾವಣದಲ್ಲಿ ಒಂದು ಹಳ್ಳಿಗೆ ಪ್ರವಚನಕ್ಕೆಂದು ಹೋಗಿದ್ದೆ. ಊರಿನ ಹೆಸರು ಬೇಡ. ಮೂರನೆಯ ದಿನದ ವಿಷಯ ಶಿವನಾಗಮಯ್ಯನವರ ಕಥೆ. ಅಸ್ಪೃಶ್ಯರೆನಿಸಿಕೊಂಡಿದ್ದ ಆ ಶರಣರ ಮನೆಗೆ ಬಸವಣ್ಣನವರು ಹೋಗಿ ಪ್ರಸಾದ ಸ್ವೀಕರಿಸಿದ್ದು, ಅದನ್ನು ಕೇಳಿ ಊರಿನ ಹಿರಿಯರು ಬಿಜ್ಜಳನಲ್ಲಿ ದೂರಿದ್ದು, ಈ ಪ್ರಸಂಗವನ್ನು ನಾನು ಸ್ವರವೆತ್ತಿ ವರ್ಣಿಸಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಮರುದಿನ ಬೆಳಿಗ್ಗೆ ಕೇರಿಯ ಒಬ್ಬ ಮುದುಕ ಗುಡಿಯ ಕಟ್ಟೆಯ ಕೆಳಗೆ ಬಂದು ನಿಂತ. ಕೊರಳಲ್ಲಿ ಲಿಂಗವಿತ್ತು, ಯಾವುದೋ ಮಠದಲ್ಲಿ ದೀಕ್ಷೆ ಪಡೆದಿದ್ದನಂತೆ. "ಶಾಸ್ತ್ರಿಗಳ, ಇವತ್ತ ನಮ್ಮ ಮನ್ಯಾಗ ಪ್ರಸಾದ ಆಗಬೇಕ್ರಿ. ರೊಟ್ಟಿ, ಪುಂಡಿಪಲ್ಯ ಮಾಡಿಸೇನ್ರಿ" ಎಂದ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಮಾತು ನಿಲ್ಲಿಸಿದರು. ನಾನು, "ಇಂದು ನನಗೆ ಉಪವಾಸವಪ್ಪಾ" ಎಂದುಬಿಟ್ಟೆ. ಅಂದು ರಾತ್ರಿ ಗೌಡರ ಮನೆಯಲ್ಲಿ ಹೋಳಿಗೆಯ ಊಟ. ಸಣ್ಣ ಊರು, ಯಾವುದು ಮುಚ್ಚಿಡಲು ಬರುತ್ತದೆ? ಮುಂದಿನ ಸಂಜೆಯೂ ಆತ ಬಂದು ಕೊನೆಯ ಸಾಲಿನಲ್ಲಿ ಕುಳಿತು ಪ್ರವಚನವನ್ನು ಪೂರ್ತಿಯಾಗಿ ಕೇಳಿ ಹೋದ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಆತನ ಮನೆಯ ಅಡುಗೆ ಭವಿಪಾಕವೆಂದು ಯಾವ ಶಾಸ್ತ್ರವೂ ಹೇಳಲಾರದು, ಆತ ಲಿಂಗವಂತ. ನಾನು ಅಂದು ಕಾಪಾಡಿಕೊಂಡದ್ದು ನೇಮವನ್ನಲ್ಲ. ಭವಿ, ಭಕ್ತ ಎಂಬ ಭೇದವನ್ನು ಶರಣರು ಮಾಡಿದ್ದು ಹುಟ್ಟಿನ ಭೇದವನ್ನು ಅಳಿಸುವ ಸಲುವಾಗಿ. ಯಾವ ಕುಲದವನಾದರೂ ಈ ಗೆರೆಯನ್ನು ದಾಟಿ ಬರಬಹುದಾಗಿತ್ತು, ಬಂದವನನ್ನು ಮತ್ತೆ ಕೇಳುವಂತಿರಲಿಲ್ಲ. ನಾವು ಆ ಗೆರೆಯನ್ನೇ ಗೋಡೆಯಾಗಿ ಎಬ್ಬಿಸಿಕೊಂಡು, ಗೋಡೆಯ ಒಳಗೂ ಹಳೆಯ ಕೋಣೆಗಳನ್ನು ಹಾಗೆಯೇ ಉಳಿಸಿಕೊಂಡೆವು. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲದ ಮೇಲೆ ನಾನು ಎಷ್ಟು ಉಪನ್ಯಾಸಗಳನ್ನು ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಇನ್ನು ಈ ವೃದ್ಧರದಂತೂ ಶಾಸ್ತ್ರದ ಪ್ರಕಾರ ನಿಸ್ಸಂದೇಹವಾಗಿ ಭವಿಪಾಕ. ಅವರು ಇನ್ನೂ ಬಾಗಿಯೇ ನಿಂತಿದ್ದರು. ಮಗು ನನ್ನನ್ನೇ ನೋಡುತ್ತಿತ್ತು. "ನೀವು ಮಾಡಿಸಿರಿ, ಉಣ್ಣುತ್ತೇನೆ" ಎಂದೆ. ಅಕ್ಕನ ಮಗಳು ಏನನ್ನೂ ಹೇಳದೆ ನೀರಿನ ಲೋಟವನ್ನು ನನ್ನತ್ತ ಸರಿಸಿದಳು.

ಅರ್ಧ ಗಂಟೆಯ ಮೇಲೆ ಅಡುಗೆ ಬಂತು. ಅಂಗಿಯ ಒಳಗೆ ಕರಡಿಗೆಯ ಮೇಲೆ ಕೈಯಿಟ್ಟು, ಮನಸ್ಸಿನಲ್ಲಿಯೇ ಅರ್ಪಿಸಿ, ತುತ್ತನ್ನೆತ್ತಿದೆ. ಬೇಳೆಗೆ ಬೆಳ್ಳುಳ್ಳಿಯ ಒಗ್ಗರಣೆ ಹದವಾಗಿತ್ತು. ಹೂಕೋಸು ತುಸು ಹೆಚ್ಚು ಬೆಂದಿತ್ತು. ಅನ್ನಕ್ಕೆ ಹಳದಿ, ಕೆಂಪು ಬಣ್ಣಗಳನ್ನು ಹಾಕುವ ಅಲ್ಲಿಯ ಪದ್ಧತಿ ನನಗೆ ಹಿಡಿಸದು. ನಮಗೆಂದು ಮಾಡಿದ್ದು ಬಿಳಿಯ ಅನ್ನವೇ ಆಗಿತ್ತು. ಜೋಳದ ರೊಟ್ಟಿಯ ನೆನಪು ಬಾರದೆ ಇರಲಿಲ್ಲ. ಮನಸ್ಸು ಪೂರ್ಣವಾಗಿ ಹಗುರವಾಗಿತ್ತೆಂದೂ ಹೇಳಲಾರೆ. ಮೊದಲ ಎರಡು ತುತ್ತು ಗಂಟಲಲ್ಲಿ ನಿಂತೇ ಇಳಿದವು. ನನ್ನ ಗುರುಬಂಧುಗಳಲ್ಲಿ ಹಲವರು ಇದನ್ನು ಒಪ್ಪಲಿಕ್ಕಿಲ್ಲವೆಂದು ಬಲ್ಲೆ. ಅವರ ಪತ್ರಗಳು ಬಂದರೆ ಓದುತ್ತೇನೆ.

ಸುತ್ತಲಿನ ಮೇಜುಗಳಲ್ಲಿ ಅರ್ಧಕ್ಕೂ ಮಿಕ್ಕು ಉಳಿದ ತಟ್ಟೆಗಳನ್ನು ಹುಡುಗರು ಎತ್ತಿಕೊಂಡು ಹೋಗುತ್ತಿದ್ದರು. ಆ ಸಂತೋಷಕೂಟದ ಮೇಜಿನ ಮೇಲೆ ಹತ್ತು ಮಂದಿಗೆ ಸಾಲುವಷ್ಟು ಅನ್ನವಿತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಂಡೇಳುವುದನ್ನು ಕಂಡ ಕಣ್ಣುಗಳಿಗೆ ಅದು ಚುಚ್ಚಿತು. ನಾನು ಉಂಡ ಮೇಲೆ ಅಭ್ಯಾಸಬಲದಿಂದ ತಟ್ಟೆಗೆ ನೀರು ಹಾಕಿದೆ. ಹಾಕಿದ ಮೇಲೆ ಪರಸ್ಥಳವೆಂದು ನೆನಪಾಯಿತು. ಆದರೂ ತೊಳೆದು ಕುಡಿದೆ. ಪಕ್ಕದ ಮೇಜಿನ ದಂಪತಿಗಳು ಕಣ್ಣರಳಿಸಿ ನೋಡಿದರು. ಮಗು ಕಿಲಕಿಲ ನಕ್ಕು, ಬಳಿಕ ತಾನೂ ತನ್ನ ತಟ್ಟೆಯ ಅನ್ನವನ್ನು ಮುಗಿಸಿ, ಲೋಟದ ನೀರನ್ನು ಸುರಿದುಕೊಂಡು ಮೇಜನ್ನೆಲ್ಲ ಒದ್ದೆ ಮಾಡಿತು. ತಟ್ಟೆಗಳನ್ನೊಯ್ಯಲು ಬಂದ ವೃದ್ಧರು ಹಿಂದೆ ಸರಿದು ನಿಂತರು. ನಾನು ಲೋಟವನ್ನು ಕೆಳಗಿಟ್ಟ ಮೇಲೆ, "ನಮ್ಮ ತಾಯಿಯೂ ಬೆರಳು ಚೀಪಿಸದೆ ಏಳಗೊಡುತ್ತಿರಲಿಲ್ಲ" ಎಂದರು. ಅವರ ಅಜ್ಜ ಹಡಗಿನಲ್ಲಿ ಕಲ್ಲಿದ್ದಲು ಹಾಕಿದವರು. ತಂದೆ ಇದೇ ಓಣಿಯಲ್ಲಿ ಪಾತ್ರೆ ತೊಳೆದವರು. ಮೊಮ್ಮಗ ಕಾನೂನು ಓದುತ್ತಿದ್ದಾನಂತೆ. ಹೋಟೆಲಿನ ಕೆಲಸ ಅವನಿಗೆ ಬೇಡವಂತೆ.

ಲಿಂಬೆಯ ವಾಸನೆಯ ಬಿಸಿ ಒದ್ದೆ ವಸ್ತ್ರವನ್ನು ಕೈಯೊರೆಸಲು ಕೊಟ್ಟರು. ಹೊರಗೆ ಬಂದಾಗ ಒಂಬತ್ತು ಗಂಟೆಯಾಗಿದ್ದರೂ ಆಕಾಶದಲ್ಲಿ ಬೆಳಕಿತ್ತು. ರೈಲಿನಲ್ಲಿ ಅಕ್ಕನ ಮಗಳಿಗೆ ಆ ಹಳ್ಳಿಯ ಕಥೆಯನ್ನು ಹೇಳಿದೆ. ಮಗು ನಿದ್ದೆಹೋಗಿದೆ ಎಂದುಕೊಂಡಿದ್ದೆ, ಹೋಗಿರಲಿಲ್ಲ.

"ಅಜ್ಜಾ, ಆ ಮುತ್ಯಾಗ ಮತ್ತ ಸಾರಿ ಅಂದ್ರಿ?"

"ಇಲ್ಲವ್ವಾ."

"ಯಾಕ?"

ರೈಲು ಯಾವುದೋ ನಿಲ್ದಾಣದಲ್ಲಿ ನಿಂತಿತು. ತಾಯಿ ಮಗುವನ್ನು ಸುಮ್ಮನಾಗಿಸಿದಳು.

ಆ ಮುದುಕ ತೀರಿಕೊಂಡು ಬಹಳ ವರ್ಷಗಳಾದವೆಂದು ಊರಿಗೆ ಬಂದ ಮೇಲೆ ವಿಚಾರಿಸಿ ತಿಳಿದೆ. ಮಗ ಅದೇ ಮನೆಯಲ್ಲಿದ್ದಾನೆ. ಬರುವ ಶ್ರಾವಣದಲ್ಲಿ ಒಂದು ವಾರ ಪ್ರವಚನಕ್ಕೆ ಬರಬೇಕೆಂದು ಆ ಊರಿನ ಹಿರಿಯರು ಈಚೆಗೆ ಕರೆ ಕಳುಹಿಸಿದರು. ವಸತಿ ಮತ್ತು ಪ್ರಸಾದದ ವ್ಯವಸ್ಥೆ ಎಂದಿನಂತೆ ಗೌಡರ ಮನೆಯಲ್ಲಿ ಎಂದು ಪತ್ರದಲ್ಲಿ ಬರೆದಿದ್ದರು. ಮೊದಲನೆಯ ದಿನದ ಪ್ರಸಾದ ಕೇರಿಯ ಆ ಮನೆಯಲ್ಲಾಗಲಿ, ಹಿರಿಯರೂ ನನ್ನೊಡನೆ ಪಂಕ್ತಿಯಲ್ಲಿ ಕೂಡಲಿ, ಆ ಮೇಲೆ ಪ್ರವಚನ ಎಂದು ಮರುಪತ್ರ ಬರೆದು ಐದು ವಾರಗಳಾದವು. ಅವರಿಂದ ಇನ್ನೂ ಉತ್ತರ ಬಂದಿಲ್ಲ.